ಆರು ವರ್ಷದ ಬಿಡುವು

ಕೊಚ್ಚಿಯ ಮಟ್ಟಾಂಚೇರಿಯ ಎದುರು ದಡ ವಿಲಿಂಗ್ಡನ್ ದ್ವೀಪ. ಲಕ್ಷದ್ವೀಪದ ಹಡಗುಗಳು ಹೊರಡುವುದು ಅಲ್ಲಿಂದ. ಅವು ಹೋಗಿ ಮುಟ್ಟುವ ನೆಲ ಹವಳ ಕಟ್ಟಿಕೊಟ್ಟದ್ದು. ಕನ್ನಡಿಗರಿಗೂ ಆ ನೆಲ ಪರಕೀಯವಲ್ಲ: ಅಮಿನಿ, ಕದ್ಮತ್, ಕಿಲ್ತಾನ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು.

ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ. ಪಾಲಿಪ್ ಎಂಬ ಮೆತ್ತನೆಯ ಪ್ರಾಣಿಗಳ ವಸಾಹತು ಅದು. ಹೆಚ್ಚಿನವು ಕೆಲವೇ ಮಿಲಿಮೀಟರ್ ಅಗಲ. ಒಂದು ಬಾಯಿ, ಸುತ್ತ ಕುಡಿಮೀಸೆಯಂಥ ಸ್ಪರ್ಶಾಂಗಗಳು. ರಾತ್ರಿ ಪಾಲಿಪ್ ಅವನ್ನು ಚಾಚಿ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಹಿಡಿಯುತ್ತದೆ. ಆದರೆ ಹೊಟ್ಟೆ ತುಂಬುವುದು ಹಗಲಿನಲ್ಲಿ. ಪಾಲಿಪಿನ ಜೀವಕೋಶಗಳೊಳಗೆ ಏಕಕೋಶದ ಪಾಚಿ ವಾಸವಾಗಿದೆ. ಅದು ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ಬಹುಪಾಲನ್ನು ಆಶ್ರಯದಾತನಿಗೆ ಕೊಡುತ್ತದೆ. ಆ ಬಲದಿಂದಲೇ ಪಾಲಿಪ್ ಸಮುದ್ರದ ನೀರಿನ ಕ್ಯಾಲ್ಸಿಯಮ್ಮನ್ನು ಸುಣ್ಣಕಲ್ಲಾಗಿಸಿ ತನ್ನಡಿಗೆ ಪದರಪದರವಾಗಿ ಇಳಿಸುತ್ತದೆ. ಗುಂಡುಬಂಡೆಯಂಥ ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು.

ಬೇಸಿಗೆಯ ಗರಿಷ್ಠಕ್ಕಿಂತ ನೀರು ಒಂದೇ ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ಉಳಿದರೆ ಈ ಸಂಸಾರ ಮುರಿಯುತ್ತದೆ. ಕಾವು ತಡೆಯದ ಪಾಚಿ ವಿಷಕಾರಿ ಆಮ್ಲಜನಕ ಸಂಯುಕ್ತಗಳನ್ನು ಸೂಸುತ್ತದೆ, ಪಾಲಿಪ್ ಆ ಪಾಚಿಯನ್ನೇ ಹೊರಹಾಕುತ್ತದೆ. ಬಣ್ಣ ಬಹುಪಾಲು ಪಾಚಿಯದೇ ಆದ್ದರಿಂದ ಒಳಗಿನ ಬಿಳಿ ಅಸ್ಥಿ ಕಾಣುತ್ತದೆ. ಬಿಳಿಚಿದ ಹವಳ ಸತ್ತಿಲ್ಲ, ಉಪವಾಸ ಬಿದ್ದಿದೆ. ನೀರು ಬೇಗ ತಣಿದರೆ ಪಾಚಿ ಮರಳುತ್ತದೆ, ತಡವಾದರೆ ಸಾವು.

ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ರೋಹನ್ ಆರ್ಥರ್ ಮತ್ತು ಸಂಗಡಿಗರು 1998ರಿಂದ ಲಕ್ಷದ್ವೀಪದ ಅಗತ್ತಿ, ಕದ್ಮತ್, ಕವರತ್ತಿಗಳ ಹವಳದ ದಿಬ್ಬಗಳನ್ನು ಅಳೆಯುತ್ತ ಬಂದಿದ್ದಾರೆ. ಆಗ ಶೇ 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ ಶೇ 20ಕ್ಕಿಂತ ಕೆಳಗಿಳಿದಿತ್ತು. 1998, 2010, 2016ರ ಮೂರು ಬಿಸಿಗಾಲಗಳಲ್ಲಿ ಸಾವಿನ ಪ್ರಮಾಣ ಪ್ರತಿ ಸಲವೂ ಇಳಿಯುತ್ತ ಬಂತು. ಆದರೆ ಚೇತರಿಕೆ ವೇಗ ಪಡೆಯುವುದು ಆರು ವರ್ಷ ಬಿಡುವು ಸಿಕ್ಕ ಮೇಲೆ. ನನ್ನನ್ನು ಕಂಗೆಡಿಸುವುದು ಈ ಲೆಕ್ಕವೇ. ಎರಡನೆಯ ಮತ್ತು ಮೂರನೆಯ ಹೊಡೆತಗಳ ನಡುವಿನ ಅಂತರ ಸರಿಯಾಗಿ ಆರು ವರ್ಷ! 2023ರ ಅಕ್ಟೋಬರಿನಿಂದ ಮತ್ತೆ ಕಾದ ಸಮುದ್ರ ಹವಳವನ್ನು ವ್ಯಾಪಕವಾಗಿ ಬಿಳಿಚಿಸಿತೆಂದು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 2024ರಲ್ಲಿ ವರದಿ ಮಾಡಿತು.

ಹವಳದ ತುಂಡುಗಳನ್ನು ಚೌಕಟ್ಟಿಗೆ ಕಟ್ಟಿ ನೆಡುವ ಕೆಲಸ ಮನ್ನಾರ್ ಕೊಲ್ಲಿಯಲ್ಲೂ ಕಛ್ ಕೊಲ್ಲಿಯಲ್ಲೂ ನಡೆದಿದೆ. ಸಣ್ಣ ಜಾಗಕ್ಕೆ ಅದು ಒಳ್ಳೆಯದೇ, ಆದರೆ ನೆಟ್ಟ ಹವಳವನ್ನೂ ಅದೇ ಬಿಸಿನೀರು ಸುತ್ತುತ್ತದೆ. ದ್ವೀಪದವರ ಕೈಯಲ್ಲಿರುವ ಉಪಾಯ ಬೇರೆ: ಮೀನು ಉಳಿಸುವುದು. ಸತ್ತ ಹವಳದ ಮೇಲೆ ಹಬ್ಬುವ ಪಾಚಿಯನ್ನು ಗಿಳಿಮೀನುಗಳು ಕೆರೆದು ತಿನ್ನುತ್ತವೆ. ಹವಳದ ಮರಿಗಳು ಊರುವುದು ಹಾಗೆ ಚೊಕ್ಕಟವಾದ ಕಲ್ಲಿನ ಮೇಲೆಯೇ. ಲಕ್ಷದ್ವೀಪದ ಬೆಸ್ತರು ದಶಕಗಳಿಂದ ಗಾಳದ ಕೋಲಿನಲ್ಲಿ ಕಡಲ ಟ್ಯೂನಾ ಹಿಡಿಯುತ್ತ ಬಂದದ್ದರಿಂದ ದಿಬ್ಬದ ಮೀನುಗಳಿಗೆ ಅಷ್ಟಾಗಿ ಕಾಟವಿರಲಿಲ್ಲ. ಈಗ ದಿಬ್ಬದ ಮೀನಿಗೂ ವ್ಯಾಪಾರಿಗಳ ಬೇಡಿಕೆ ಬಂದಿದೆ. ಅದಕ್ಕೆ ಮಿತಿ ಹಾಕುವ ಮಾತು ಮುಂದಿನ ಬಿಸಿಗಾಲಕ್ಕೆ ಮೊದಲೇ ಇತ್ಯರ್ಥವಾಗಬೇಕು.