ಕ್ಯಾಶ್ ಮೆಮೊರಿ ಮತ್ತು ಸಿಮ್ಯುಲೇಟರ್: ಅಳತೆಗೋಲನ್ನು ಸರಿಯಾಗಿಡುವ ಹೊಣೆ ಯಾರದು?

ದುಬಾರಿ ಯಂತ್ರವೊಂದನ್ನು ಸ್ಥಾಪಿಸುವ ಮೊದಲು ಅದರ ಉತ್ಪಾದನಾ ಸಾಮರ್ಥ್ಯ, ವಿದ್ಯುತ್ ಬಳಕೆ ಹಾಗೂ ಹೂಡಿದ ಬಂಡವಾಳ ಮರಳಿ ಬರುವ ಅವಧಿಯನ್ನು ಲೆಕ್ಕ ಹಾಕಿ ನೋಡುವುದು ಎಲ್ಲ ಉದ್ಯಮಿಗಳೂ ಅನುಸರಿಸುವ ಕ್ರಮ. ಗಣಕಯಂತ್ರದ ಪ್ರೊಸೆಸರ್ ಚಿಪ್‌ಗಳನ್ನು ವಿನ್ಯಾಸಗೊಳಿಸುವವರಿಗೆ ಈ ಎಚ್ಚರಿಕೆ ಇನ್ನೂ ಹೆಚ್ಚು ಅಗತ್ಯ. ವಿನ್ಯಾಸವು ಒಮ್ಮೆ ಕಾರ್ಖಾನೆ ಸೇರಿ ಸಿಲಿಕಾನ್ ಮೇಲೆ ಮೂಡಿದ ನಂತರ ಅದನ್ನು ತಿದ್ದುವುದು ಬಹುಪಾಲು ಅಸಾಧ್ಯ. ಅಪಾರ ವೆಚ್ಚದಲ್ಲಿ ಮತ್ತೊಮ್ಮೆ ತಯಾರಿಸಬೇಕಾಗುತ್ತದೆ. ಆದ್ದರಿಂದ ಚಿಪ್ಪನ್ನು ಮೊದಲು ತಂತ್ರಾಂಶದ ರೂಪದಲ್ಲಿ ರಚಿಸಿ, ಅದು ಹೇಗೆ ವರ್ತಿಸುತ್ತದೆಂದು ಪರೀಕ್ಷಿಸುತ್ತಾರೆ. ಇಂತಹ ತಂತ್ರಾಂಶಕ್ಕೆ ಸಿಮ್ಯುಲೇಟರ್ ಎಂದು ಹೆಸರು.

ಸಿಮ್ಯುಲೇಟರಿನಿಂದ ಹೊರಬರುವುದು ಕೇವಲ ಅಂಕಿಗಳು. ಆ ಅಂಕಿಗಳ ಆಧಾರದ ಮೇಲೆ ದೊಡ್ಡ ನಿರ್ಧಾರಗಳು ಆಗುತ್ತವೆ. ಹಾಗಾದರೆ ಆ ಅಂಕಿಗಳು ಸರಿಯಾಗಿವೆ ಎಂದು ಖಾತರಿಪಡಿಸುವವರು ಯಾರು? ಜಗತ್ತಿನಾದ್ಯಂತ ಬಳಕೆಯಲ್ಲಿರುವ ಜೆಮ್-5 ಎಂಬ ಸಿಮ್ಯುಲೇಟರಿನ ಒಂದು ಭಾಗವನ್ನು, ಅಂದರೆ ಕ್ಯಾಶ್ ಮೆಮೊರಿಯ ಭಾಗವನ್ನು, ಉದಾಹರಣೆಯಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕ್ಯಾಶ್ ಮೆಮೊರಿ ಎಂದರೇನು?

ದಿನಸಿ ಅಂಗಡಿಯ ವ್ಯವಸ್ಥೆಯನ್ನು ಗಮನಿಸಿದರೆ ಇದು ಸುಲಭವಾಗಿ ತಿಳಿಯುತ್ತದೆ. ಪದೇ ಪದೇ ಕೇಳಿಬರುವ ಸರಕು ಗಲ್ಲಾದ ಪಕ್ಕದಲ್ಲೇ ಕೈಗೆ ಸಿಗುವಂತಿರುತ್ತದೆ. ಉಳಿದದ್ದು ಹಿಂದಿನ ಕೋಣೆಯಲ್ಲಿರುತ್ತದೆ. ಅಲ್ಲಿಯೂ ಇಲ್ಲದಿದ್ದರೆ ಊರ ಹೊರಗಿನ ಗೋದಾಮಿನಿಂದ ತರಿಸಬೇಕು. ಪ್ರೊಸೆಸರಿನ ಪಾಲಿಗೆ ಮುಖ್ಯ ಮೆಮೊರಿಯು ದೂರದ ಗೋದಾಮು. ಕ್ಯಾಶ್ ಎಂಬುದು ಗಲ್ಲಾದ ಪಕ್ಕದ ಕಪಾಟು. ಕಪಾಟು ಚಿಕ್ಕದು, ಆದರೆ ಅತಿ ವೇಗದ್ದು. ಇಂದಿನ ಹೆಚ್ಚಿನ ಪ್ರೊಸೆಸರ್‌ಗಳು ಮಾಹಿತಿಯನ್ನು 64 ಬೈಟ್‌ಗಳ ಕಟ್ಟುಗಳಾಗಿ ಈ ಕಪಾಟಿಗೆ ತರುತ್ತವೆ.

ಬೇಕಾದ ಮಾಹಿತಿ ಕ್ಯಾಶ್‌ನಲ್ಲಿ ಸಿಕ್ಕರೆ ಅದನ್ನು ಹಿಟ್ ಎಂದೂ, ಸಿಗದಿದ್ದರೆ ಮಿಸ್ ಎಂದೂ ಕರೆಯುತ್ತಾರೆ. ಕಪಾಟು ತುಂಬಿರುವಾಗ ಹೊಸ ಸರಕು ಬಂದರೆ ಹಳೆಯದೊಂದನ್ನು ತೆಗೆಯಲೇಬೇಕು. ಬಹಳ ಹೊತ್ತಿನಿಂದ ಯಾರೂ ಕೇಳದ ಸರಕನ್ನು ತೆಗೆಯುವುದು ಒಂದು ಪದ್ಧತಿ. ಇದಕ್ಕೆ ಎಲ್‌ಆರ್‌ಯು ಎನ್ನುತ್ತಾರೆ. ಮೊದಲು ಬಂದದ್ದನ್ನು ಮೊದಲು ತೆಗೆಯುವುದು ಇನ್ನೊಂದು ಪದ್ಧತಿ. ದಾಸ್ತಾನು ಮೌಲ್ಯಮಾಪನದಲ್ಲಿ ವರ್ತಕರಿಗೆ ಪರಿಚಿತವಾದ ಫಿಫೊ ಎಂಬ ಹೆಸರೇ ಇದಕ್ಕೂ ಇದೆ.

ಒಂದು ಚಿಕ್ಕ ಲೆಕ್ಕ

ಈ ವ್ಯವಸ್ಥೆಯ ಗುಣಮಟ್ಟವನ್ನು ಅಳೆಯುವ ಸೂತ್ರ ಸರಳವಾದುದು. ಕಪಾಟಿನಲ್ಲಿ ನೋಡಲು ತಗಲುವ ಸಮಯಕ್ಕೆ, ಮಿಸ್ ಪ್ರಮಾಣ ಹಾಗೂ ಗೋದಾಮಿನಿಂದ ತರಿಸುವ ಸಮಯದ ಗುಣಲಬ್ಧವನ್ನು ಕೂಡಿಸಿದರೆ ಸರಾಸರಿ ಸಮಯ ದೊರೆಯುತ್ತದೆ. ಕಪಾಟಿನಲ್ಲಿ ನೋಡಲು 4 ಗಡಿಯಾರ ಮಿಡಿತಗಳು, ಗೋದಾಮಿನಿಂದ ತರಿಸಲು ಹೆಚ್ಚುವರಿ 200 ಮಿಡಿತಗಳು ಬೇಕೆಂದು ಭಾವಿಸೋಣ. 1,000 ಬೇಡಿಕೆಗಳಲ್ಲಿ 50 ಮಿಸ್ ಆದರೆ ಒಟ್ಟು 4,000 ಮತ್ತು 10,000 ಸೇರಿ 14,000 ಮಿಡಿತಗಳಾಗುತ್ತವೆ; ಸರಾಸರಿ 14. ಮಿಸ್‌ಗಳು 50ರಿಂದ 60ಕ್ಕೆ ಏರಿದರೆ ಸರಾಸರಿ 16 ಆಗುತ್ತದೆ. ಮಿಸ್ ಪ್ರಮಾಣ ಶೇಕಡಾ 5ರಿಂದ 6ಕ್ಕೆ ಹೋದದ್ದಕ್ಕೆ ಸರಾಸರಿ ಸಮಯ ಶೇಕಡಾ 14ಕ್ಕೂ ಹೆಚ್ಚು ಏರಿತು. ಕ್ಯಾಶ್ ಲೆಕ್ಕದಲ್ಲಿ ಸಣ್ಣ ತಪ್ಪಿಗೂ ದೊಡ್ಡ ಬೆಲೆ ಇದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಜೆಮ್-5 ಬೆಳೆದು ಬಂದ ಬಗೆ

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಂ-5 ಎಂಬ ಸಿಮ್ಯುಲೇಟರ್, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಕೇಂದ್ರದಲ್ಲಿ ಜೆಮ್ಸ್ ಎಂಬ ಇನ್ನೊಂದು ಸಿಮ್ಯುಲೇಟರ್ ಬೇರೆ ಬೇರೆಯಾಗಿ ರೂಪುಗೊಂಡಿದ್ದವು. ಎರಡನ್ನೂ ವಿಲೀನಗೊಳಿಸಿದ್ದರ ಫಲವೇ ಜೆಮ್-5. ಇದನ್ನು ಪರಿಚಯಿಸುವ ಪ್ರಬಂಧ 2011ರಲ್ಲಿ ಪ್ರಕಟವಾಯಿತು. ಯಾರು ಬೇಕಾದರೂ ಉಚಿತವಾಗಿ ಪಡೆದು, ತಿದ್ದಿ ಬಳಸಬಹುದಾದ ಮುಕ್ತ ಪರವಾನಗಿ ಇದಕ್ಕಿದೆ.

ಸಂಸ್ಥೆಗಳ ವಿಲೀನದಲ್ಲಿ ಎರಡು ಬಗೆಯ ಲೆಕ್ಕಪುಸ್ತಕಗಳು ಕೆಲಕಾಲ ಜೊತೆಯಾಗಿ ಸಾಗುವುದನ್ನು ಉದ್ಯಮಿಗಳು ಬಲ್ಲರು. ಇಲ್ಲಿಯೂ ಅದೇ ಸಂಭವಿಸಿತು. ಎಂ-5ರಿಂದ ಬಂದ ಕ್ಯಾಶ್ ವ್ಯವಸ್ಥೆ ಕ್ಲಾಸಿಕ್ ಎಂಬ ಹೆಸರಿನಲ್ಲೂ, ಜೆಮ್ಸ್‌ನಿಂದ ಬಂದದ್ದು ರೂಬಿ ಎಂಬ ಹೆಸರಿನಲ್ಲೂ ಉಳಿದವು. ಕ್ಲಾಸಿಕ್ ಸರಳ ಹಾಗೂ ವೇಗದ್ದು. ರೂಬಿ ಹೆಚ್ಚು ವಿವರಗಳುಳ್ಳದ್ದು. ಹಲವು ಕ್ಯಾಶ್‌ಗಳಲ್ಲಿರುವ ಒಂದೇ ಮಾಹಿತಿಯ ಪ್ರತಿಗಳು ಪರಸ್ಪರ ತಾಳೆಯಾಗಿರುವಂತೆ ನೋಡಿಕೊಳ್ಳುವ ನಿಯಮಗಳನ್ನು ಬರೆಯಲು ಅದರಲ್ಲಿ ಸ್ಲಿಕ್ ಎಂಬ ಪ್ರತ್ಯೇಕ ಭಾಷೆಯೇ ಇದೆ. ನಾಲ್ಕು ಶಾಖೆಗಳಿರುವ ಅಂಗಡಿಯಲ್ಲಿ ಒಂದು ಶಾಖೆ ದರ ಬದಲಿಸಿದರೆ ಉಳಿದ ಮೂರರ ದರಪಟ್ಟಿಯೂ ಬದಲಾಗಬೇಕಲ್ಲವೇ, ಇದು ಹಾಗೆಯೇ.

ಎರಡು ವ್ಯವಸ್ಥೆಗಳಿದ್ದರೆ ನಿರ್ವಹಣೆಯೂ ಇಮ್ಮಡಿ. ಒಂದರಲ್ಲಿ ಸರಿಪಡಿಸಿದ ದೋಷ ಇನ್ನೊಂದರಲ್ಲಿ ಹಾಗೆಯೇ ಉಳಿಯುವ ಅಪಾಯವಿರುತ್ತದೆ. ಹಳೆಯ ಸರಕನ್ನು ತೆಗೆಯುವ ಪದ್ಧತಿಗಳನ್ನು ಮುಂದೆ ಎರಡೂ ವ್ಯವಸ್ಥೆಗಳು ಒಂದೇ ಕಡೆಯಿಂದ ಬಳಸುವಂತೆ ಮಾಡಲಾಯಿತು. ಇದರಿಂದ ಆ ಮಟ್ಟಿಗೆ ಹೊರೆ ಇಳಿಯಿತು.

ಸದ್ದು ಮಾಡದ ತಪ್ಪು

ಜೆಮ್-5ರಲ್ಲಿ ಸರಕು ತೆಗೆಯುವ ಪ್ರತಿಯೊಂದು ಪದ್ಧತಿಯೂ ನಾಲ್ಕು ಕೆಲಸಗಳನ್ನು ಮಾಡಬೇಕು: ಹೊಸ ಕಟ್ಟು ಬಂದಾಗ ನಮೂದಿಸುವುದು, ಕಟ್ಟು ಬಳಕೆಯಾದಾಗ ನಮೂದಿಸುವುದು, ಕಟ್ಟು ಅಸಿಂಧುವಾದಾಗ ನಮೂದಿಸುವುದು ಮತ್ತು ಯಾವುದನ್ನು ತೆಗೆಯಬೇಕೆಂದು ಆರಿಸುವುದು. ಇವುಗಳಲ್ಲಿ ಎರಡನೆಯದರ ಹೆಸರು ಟಚ್. ಯಾರೋ ಒಬ್ಬರು ಬೇರೇನನ್ನೋ ಸುಧಾರಿಸುವ ಭರದಲ್ಲಿ, ಹಿಟ್ ಆದಾಗ ಟಚ್ ಮಾಡುವ ಒಂದು ಸಾಲನ್ನು ಬಿಟ್ಟುಬಿಟ್ಟರೆಂದು ಊಹಿಸೋಣ. ಆಗ ಸರಕು ಯಾವಾಗ ಬಂತೆಂಬುದಷ್ಟೇ ದಾಖಲಾಗುತ್ತದೆ. ಯಾವಾಗ ಮಾರಾಟವಾಯಿತೆಂಬುದು ದಾಖಲಾಗುವುದಿಲ್ಲ. ಹೆಸರಿಗೆ ಎಲ್‌ಆರ್‌ಯು ಆದರೂ ನಡೆಯುವುದು ಫಿಫೊ. ದಿನವೂ ಬಿಕರಿಯಾಗುವ ಸಕ್ಕರೆಯನ್ನು, ಮೊದಲೇ ಬಂದಿತ್ತೆಂಬ ಒಂದೇ ಕಾರಣಕ್ಕೆ ಗೋದಾಮಿಗೆ ಸಾಗಿಸಿದಂತಾಯಿತು.

ಗಮನಾರ್ಹ ಸಂಗತಿಯೆಂದರೆ, ಇಷ್ಟಾದರೂ ತಂತ್ರಾಂಶ ನಿಲ್ಲುವುದಿಲ್ಲ. ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಸಿಮ್ಯುಲೇಟರಿನೊಳಗೆ ಓಡುವ ಕಾರ್ಯಕ್ರಮದ ಉತ್ತರವೂ ಸರಿಯಾಗಿಯೇ ಬರುತ್ತದೆ. ಮಿಸ್‌ಗಳ ಸಂಖ್ಯೆ ಮಾತ್ರ ಬದಲಾಗಿರುತ್ತದೆ. ತಾಳೆಪಟ್ಟಿಯ ಎರಡು ಬದಿಗಳು ಸಮವಾದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲವೆಂದು ಹೇಳಲಾಗದು; ಬಂಡವಾಳ ವೆಚ್ಚವನ್ನು ದುರಸ್ತಿ ಖಾತೆಗೆ ಬರೆದರೂ ಪಟ್ಟಿ ತಾಳೆಯಾಗಿಯೇ ನಿಲ್ಲುತ್ತದೆ. ಸಿಮ್ಯುಲೇಟರಿನ ತಪ್ಪು ಇದೇ ಜಾತಿಗೆ ಸೇರಿದ್ದು.

ನಿರ್ವಹಣೆಯ ಕ್ರಮ

ವ್ಯಾಪಾರಿಯ ತಕ್ಕಡಿಯನ್ನು ಕಾಲಕಾಲಕ್ಕೆ ಪರಿಶೀಲಿಸಿ ಮುದ್ರೆ ಹಾಕಲು ಕಾನೂನು ಮಾಪನಶಾಸ್ತ್ರ ಇಲಾಖೆ ಇದೆ. ಸಿಮ್ಯುಲೇಟರಿಗೆ ಅಂತಹ ಇಲಾಖೆಯಿಲ್ಲ. ಆದ್ದರಿಂದ ಬಳಸುವವರೇ ಸೇರಿ ಈ ಕೆಳಗಿನ ಕ್ರಮವನ್ನು ರೂಪಿಸಿಕೊಂಡಿದ್ದಾರೆ.

1. ಹೊಣೆಗಾರಿಕೆ: ತಂತ್ರಾಂಶದ ಯಾವ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆಂಬ ಪಟ್ಟಿ ತಂತ್ರಾಂಶದೊಂದಿಗೇ ಇರುತ್ತದೆ. ಕ್ಲಾಸಿಕ್ ಕ್ಯಾಶ್‌ಗೂ ರೂಬಿಗೂ ಅದರಲ್ಲಿ ಪ್ರತ್ಯೇಕ ನಮೂದುಗಳಿವೆ.

2. ಪರಿಶೀಲನೆ: ಬದಲಾವಣೆ ಮಾಡಿದವರೇ ಅದನ್ನು ಅಂಗೀಕರಿಸುವಂತಿಲ್ಲ. ಬೇರೊಬ್ಬರು ಓದಿ ಒಪ್ಪಿದ ಮೇಲೆಯೇ ಅದು ಸೇರ್ಪಡೆಯಾಗುತ್ತದೆ. ವೋಚರ್ ಬರೆಯುವವರೂ ಹಣ ಪಾವತಿಸುವವರೂ ಬೇರೆ ಬೇರೆಯಾಗಿರಬೇಕೆಂಬ ಆಂತರಿಕ ನಿಯಂತ್ರಣದ ತತ್ವವೇ ಇದು.

3. ದಾಖಲೆ: ಪ್ರತಿ ಬದಲಾವಣೆಗೂ ಅದು ಯಾವ ಭಾಗಕ್ಕೆ ಸೇರಿದ್ದೆಂಬ ಗುರುತು ಮತ್ತು ಚಿಕ್ಕ ವಿವರಣೆ ಇರಬೇಕು. ಏನು, ಯಾವಾಗ, ಯಾರಿಂದ ಬದಲಾಯಿತೆಂಬುದು ಶಾಶ್ವತವಾಗಿ ಉಳಿಯುತ್ತದೆ.

4. ಪರೀಕ್ಷೆ: ಚಿಕ್ಕ ಪರೀಕ್ಷೆಗಳನ್ನು ಪ್ರತಿ ಬದಲಾವಣೆಗೂ, ದೀರ್ಘ ಪರೀಕ್ಷೆಗಳನ್ನು ದಿನಕ್ಕೆ ಅಥವಾ ವಾರಕ್ಕೊಮ್ಮೆಯೂ ನಡೆಸಲಾಗುತ್ತದೆ.

5. ಬಿಡುಗಡೆ: 2020ರಿಂದ ನಿಗದಿತ ಆವೃತ್ತಿಗಳಾಗಿ ಬಿಡುಗಡೆ ಮಾಡುವ ಪದ್ಧತಿ ಬಂದಿದೆ. ದಿನನಿತ್ಯದ ಕೆಲಸ ನಡೆಯುವ ಶಾಖೆ ಬೇರೆ, ಬಳಕೆದಾರರು ನಂಬಬಹುದಾದ ಸ್ಥಿರ ಶಾಖೆ ಬೇರೆ.

ಉಚಿತ ತಂತ್ರಾಂಶದ ವೆಚ್ಚ

ತಂತ್ರಾಂಶ ಉಚಿತವಾದರೂ ನಿರ್ವಹಣೆ ಉಚಿತವಲ್ಲ. ಇದಕ್ಕೆ ವಿಶ್ವವಿದ್ಯಾಲಯಗಳು ಸಂಶೋಧಕರ ಸಮಯವನ್ನೂ, ಆರ್ಮ್ ಮತ್ತು ಎಎಂಡಿಯಂತಹ ಉದ್ಯಮ ಸಂಸ್ಥೆಗಳು ತಮ್ಮ ಎಂಜಿನಿಯರುಗಳ ದುಡಿಮೆಯನ್ನೂ ನೀಡಿವೆ. ಈ ಎರಡೂ ಸಂಸ್ಥೆಗಳ ವಿನ್ಯಾಸ ಕೇಂದ್ರಗಳು ಬೆಂಗಳೂರಿನಲ್ಲೂ ಇವೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ಅಲ್ಲಿಯೇ ಉದ್ಘಾಟಿಸಿತು.

ಲಾಭಕ್ಕಾಗಿ ದುಡಿಯುವ ಸಂಸ್ಥೆ ತನ್ನ ಕೆಲಸವನ್ನು ಉಚಿತವಾಗಿ ಏಕೆ ಕೊಡಬೇಕು? ಇದರಲ್ಲಿ ಶುದ್ಧ ವ್ಯಾವಹಾರಿಕ ಲೆಕ್ಕವಿದೆ. ತಾನು ಮಾಡಿದ ಸುಧಾರಣೆಯನ್ನು ಒಳಗೇ ಇಟ್ಟುಕೊಂಡರೆ, ಹೊಸ ಆವೃತ್ತಿ ಬಂದಾಗಲೆಲ್ಲ ಅದನ್ನು ಮತ್ತೆ ಹೊಂದಿಸುವ ವೆಚ್ಚ ಆ ಸಂಸ್ಥೆಯ ಮೇಲೆಯೇ ಬೀಳುತ್ತದೆ. ಸಾರ್ವಜನಿಕ ಆವೃತ್ತಿಗೆ ಸೇರಿಸಿದರೆ ಆ ಹೊರೆ ಎಲ್ಲರಲ್ಲೂ ಹಂಚಿಹೋಗುತ್ತದೆ.

ಸದಸ್ಯರಿಗೆ ಇದರಿಂದೇನು?

ಚಿಪ್ ವಿನ್ಯಾಸ ಮಾಡದ ವರ್ತಕರಲ್ಲಿಯೂ ಇಂತಹ ಅಳತೆಗೋಲುಗಳಿವೆ. ಬಿಲ್ಲಿಂಗ್ ತಂತ್ರಾಂಶ, ದಾಸ್ತಾನು ಪಟ್ಟಿ, ಉತ್ಪಾದನಾ ವೆಚ್ಚವನ್ನು ಲೆಕ್ಕ ಹಾಕುವ ಎಕ್ಸೆಲ್ ಹಾಳೆ ಇವೆಲ್ಲವೂ ಅಂಕಿ ಕೊಡುವ ಸಾಧನಗಳೇ. ಅವುಗಳಲ್ಲಿನ ತಪ್ಪೂ ಸದ್ದು ಮಾಡುವುದಿಲ್ಲ. ಹಲವು ಸಂಸ್ಥೆಗಳಲ್ಲಿ ಆ ಹಾಳೆಯ ಸೂತ್ರಗಳನ್ನು ಬಲ್ಲವರು ಒಬ್ಬರೇ ಗುಮಾಸ್ತರು. ಅವರು ಕೆಲಸ ಬಿಟ್ಟ ದಿನ ಸೂತ್ರವೂ ಅನಾಥವಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದಾಗ ಪ್ರತಿಯೊಂದು ಬಿಲ್ಲಿಂಗ್ ವ್ಯವಸ್ಥೆಯ ದರಪಟ್ಟಿಯನ್ನೂ ಪರಿಶೀಲಿಸಬೇಕಾಯಿತು. ಸಂತೆಯ ಹೊತ್ತಿಗೆ ಮೂರು ಮೊಳ ನೇಯುವ ಅಭ್ಯಾಸವಿದ್ದವರಿಗೆ ಇಂತಹ ಸಂದರ್ಭ ಕಠಿಣ.

ದಾಖಲೆಯ ವಿಷಯದಲ್ಲಿ ಕಾನೂನೇ ಈಗ ಮುಂದೆ ಬಂದಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ದಾಖಲೆ, ಅಂದರೆ ಎಡಿಟ್ ಲಾಗ್, ಇರುವುದು ಕಡ್ಡಾಯ. ಪಾಲುದಾರಿಕೆ ಹಾಗೂ ಏಕವ್ಯಕ್ತಿ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸದಿದ್ದರೂ ಸ್ವಇಚ್ಛೆಯಿಂದ ಪಾಲಿಸುವುದು ಹಿತಕರ.

ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಪ್ರತಿಯೊಂದು ಲೆಕ್ಕದ ಹಾಳೆಗೂ ಒಬ್ಬರನ್ನು ಹೊಣೆಗಾರರನ್ನಾಗಿ, ಇನ್ನೊಬ್ಬರನ್ನು ಪರಿಶೀಲಕರನ್ನಾಗಿ ಹೆಸರಿಸಬೇಕು. ಉತ್ತರ ಮೊದಲೇ ಗೊತ್ತಿರುವ ಹತ್ತು ಮಾದರಿ ಬಿಲ್ಲುಗಳನ್ನು ಕೈಯಲ್ಲಿ ಲೆಕ್ಕ ಹಾಕಿ ಇಟ್ಟುಕೊಂಡು, ಪ್ರತಿ ಬದಲಾವಣೆಯ ನಂತರ ತಂತ್ರಾಂಶದ ಉತ್ತರದೊಂದಿಗೆ ತಾಳೆ ನೋಡಬೇಕು. ಏನು ಬದಲಾಯಿತು, ಏಕೆ ಬದಲಾಯಿತು ಎಂಬುದನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅರ್ಧ ದಿನದಲ್ಲಿ ಮುಗಿಯುವ ಈ ವ್ಯವಸ್ಥೆಯನ್ನು ಮುಂದಿನ ದರ ಬದಲಾವಣೆ ಬರುವ ಮೊದಲೇ ಮಾಡಿಟ್ಟುಕೊಳ್ಳುವುದು ಲೇಸು.