ಚಳಿಗಾಲದ ಸಮುದ್ರಾವಗಾಹನ: ಪೂರ್ವಸಿದ್ಧತೆಯ ವಿಚಾರ

'ಅವಗಾಹನ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ನೀರಿನಲ್ಲಿ ಮುಳುಗುವುದು ಒಂದು. ವಿಷಯವೊಂದರ ಆಳಕ್ಕಿಳಿದು ಅದನ್ನು ಚೆನ್ನಾಗಿ ಅರಿಯುವುದು ಮತ್ತೊಂದು. ಮೊದಲನೆಯದಕ್ಕೆ ಹೊರಟವನು ಎರಡನೆಯದನ್ನು ಮೊದಲು ಮಾಡಿರಬೇಕೆಂಬುದೇ ಈ ಲೇಖನದ ತಾತ್ಪರ್ಯ.

ರನ್ನನ ಗದಾಯುದ್ಧವನ್ನು ಓದಿದವರಿಗೆ ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನ ನೆನಪಿರುತ್ತದೆ. ಭೀಷ್ಮನಿಂದ ಪಡೆದ ಜಲಮಂತ್ರದ ಬಲದಿಂದ ಅವನು ನೀರೊಳಗಿದ್ದನು. ಮಂತ್ರದಿಂದ ಆಗುತ್ತಿದ್ದುದೆಂದು ಕವಿಗಳು ಬಣ್ಣಿಸಿದ್ದು ಈಗ ಯಂತ್ರದಿಂದ ಸಾಧ್ಯವಾಗಿದೆ. 1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾ ಎಂಬಿಬ್ಬರು ನಿರ್ಮಿಸಿದ ಉಪಕರಣವೇ ಇಂದಿನ 'ಸ್ಕೂಬಾ' ಸಾಧನದ ಮೂಲ. ಬೆನ್ನಿಗೆ ಕಟ್ಟಿದ ಕೊಳವೆಯಲ್ಲಿ ಇರುವುದು ಆಮ್ಲಜನಕವೆಂದು ಅನೇಕರು ಭಾವಿಸುವುದುಂಟು. ಸಾಮಾನ್ಯವಾಗಿ ಅದರಲ್ಲಿರುವುದು ನಾವು ನಿತ್ಯ ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು ಅಷ್ಟೆ.

ಶೀತದೇಶಗಳ ಜನರು ತಮ್ಮ ನೀರು ಹೆಪ್ಪುಗಟ್ಟುವ ಕಾಲದಲ್ಲಿ ಬೆಚ್ಚನೆಯ ಕಡಲನ್ನು ಅರಸಿ ಮಾಲ್ಡೀವ್ಸ್ ಮೊದಲಾದ ದ್ವೀಪಗಳಿಗೆ ಸಾವಿರಾರು ಮೈಲಿ ಪಯಣಿಸುತ್ತಾರೆ. ನಮಗಾದರೋ ಬೆಚ್ಚನೆಯ ಕಡಲು ಘಟ್ಟದ ಕೆಳಗೇ ಇದೆ. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ಎಂಬ ದ್ವೀಪವಿದೆ. ಅದರ ಸುತ್ತ ಹವಳದ ದಿಬ್ಬಗಳೂ, ಗಿಳಿಮೀನು, ಚಿಟ್ಟೆಮೀನು ಮೊದಲಾದ ಬಣ್ಣಬಣ್ಣದ ಮತ್ಸ್ಯಗಳೂ ಇವೆ. 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ಚಿತ್ರದಲ್ಲಿ ಈ ಕಡಲಾಳವನ್ನು ಕಂಡಮೇಲೆ ನಮ್ಮ ಸೀಮೆಯ ತರುಣರಲ್ಲಿಯೂ ಅಲ್ಲಿಗೆ ಹೋಗುವ ಉತ್ಸಾಹ ಹೆಚ್ಚಿದೆ. ಪರದೇಶಗಳಿಂದ ಡಿಸೆಂಬರ್ ರಜೆಗೆ ಊರಿಗೆ ಬರುವ ಹಳೆಯ ವಿದ್ಯಾರ್ಥಿಗಳೂ ಈ ಯಾತ್ರೆಯನ್ನು ಕೈಗೊಳ್ಳುತ್ತಾರೆ.

ಚಳಿಗಾಲವೇ ಏಕೆಂದರೆ, ಬೆಚ್ಚಗಿನ ನೀರಿಗಾಗಿ ಅಲ್ಲ, ತಿಳಿಯಾದ ನೀರಿಗಾಗಿ. ಮಳೆಗಾಲದಲ್ಲಿ ಕಡಲು ಕೆರಳಿ, ಹೊಳೆಗಳು ತಂದ ಮಣ್ಣಿನಿಂದ ಬಗ್ಗಡವಾಗಿರುತ್ತದೆ. ಮಳೆ ನಿಂತು ಆ ಮಣ್ಣೆಲ್ಲ ತಳಕ್ಕಿಳಿದ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗೆ, ಅಲೆ ತಗ್ಗಿ ನೀರು ತಿಳಿಯಾಗುತ್ತದೆ. ಹೊನ್ನಾಳಿಯವರು ತುಂಗಭದ್ರೆಯಲ್ಲಿ, ಚನ್ನಗಿರಿಯವರು ಶಾಂತಿಸಾಗರದಲ್ಲಿ ಕಾಣುವ ಋತುಭೇದವೇ ಇದು. ಪ್ರಮಾಣ ಮಾತ್ರ ಹಿರಿದು.

ಇನ್ನು ಶರೀರದ ವಿಚಾರ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಅಧಿಕವಾಗುತ್ತದೆ. ಆದ್ದರಿಂದ 10 ಮೀಟರ್ ಆಳದಲ್ಲಿ ಒತ್ತಡವು ದಡದಲ್ಲಿರುವುದರ ಎರಡರಷ್ಟು. ಅಲ್ಲಿ ತುಂಬಿಕೊಂಡ ಉಸಿರನ್ನು ಬಿಗಿಹಿಡಿದು ಮೇಲೇರಿದರೆ ಆ ಗಾಳಿ ಎರಡರಷ್ಟಾಗಿ ಹಿಗ್ಗಲು ಹವಣಿಸಿ ಶ್ವಾಸಕೋಶವನ್ನೇ ಹರಿಯಬಲ್ಲದು. ಬಾಯ್ಲ್ ಎಂಬ ವಿಜ್ಞಾನಿ 1662ರಲ್ಲಿ ಪ್ರಕಟಿಸಿದ ನಿಯಮವಿದು. ನಮ್ಮ ಶಾಲೆಯ ಮಕ್ಕಳು ಪಾಠವಾಗಿ ಒಪ್ಪಿಸುವುದೂ ಇದನ್ನೇ. 'ನೀರೊಳಗೆ ಎಂದಿಗೂ ಉಸಿರು ಕಟ್ಟಬೇಡ' ಎಂಬುದು ಮುಳುಗುವವನಿಗೆ ಪ್ರಥಮೋಪದೇಶ. ಕಿವಿಯ ಒತ್ತಡವನ್ನು ಇಳಿಯುತ್ತ ಇಳಿಯುತ್ತ ಸರಿಪಡಿಸಿಕೊಳ್ಳಬೇಕು. ನೋವಾದರೆ ಮುಂದಕ್ಕೆ ಇಳಿಯಬಾರದು. ನೆಗಡಿಯಾದವರು ಅಂದು ಮುಳುಗಬಾರದು. ಆಸ್ತಮಾ, ಹೃದ್ರೋಗ, ಮೂರ್ಛೆರೋಗವುಳ್ಳವರು ವೈದ್ಯರ ಅನುಮತಿಯಿಲ್ಲದೆ ಹೊರಡಬಾರದು; ಗರ್ಭಿಣಿಯರಿಗೆ ಇದು ಸರ್ವಥಾ ವರ್ಜ್ಯ. ಶಿಕ್ಷಕನೊಡನೆ ಮೊದಲ ಬಾರಿಗೆ ಇಳಿಯುವವರಿಗೆ 12 ಮೀಟರ್ ಮಿತಿ. ಈಜು ಬಾರದವರನ್ನೂ ಕರೆದೊಯ್ಯುವ ರೂಢಿಯಿದೆಯಾದರೂ, ನೀರಿನ ಪರಿಚಯ ಕಡಿಮೆಯಿರುವ ಜಗಳೂರಿನಂಥ ಬೆದ್ದಲು ಸೀಮೆಯ ಹುಡುಗನು ಮೊದಲು ಈಜು ಕಲಿತು ಹೋಗುವುದು ಲೇಸು. ಭಯಗೊಂಡವನು ಉಸಿರು ಕಟ್ಟುತ್ತಾನೆ.

ಮೇಲಿನ ಮಾತುಗಳನ್ನು ದೋಣಿಯ ಶಿಕ್ಷಕನೂ ಹೇಳುತ್ತಾನೆ. ಆದರೆ ಘಟ್ಟದ ಮೇಲಿನವರಾದ ನಮಗೇ ವಿಶೇಷವಾಗಿ ಅನ್ವಯಿಸುವ ಮಾತೊಂದಿದೆ. ಗೋಲಿಸೋಡಾದ ದೃಷ್ಟಾಂತದಿಂದ ಅದು ಸುಲಭವಾಗಿ ತಿಳಿಯುತ್ತದೆ. ಗೋಲಿ ಬಿಗಿಯಾಗಿರುವವರೆಗೆ ಅನಿಲವು ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದಂತಿರುತ್ತದೆ. ಗೋಲಿಯನ್ನು ಒತ್ತಿದೊಡನೆ ಗುಳ್ಳೆಗಳಾಗಿ ಉಕ್ಕುತ್ತದೆ. ಅದರಂತೆಯೇ, ಆಳದ ಒತ್ತಡದಲ್ಲಿ ಉಸಿರಾಡಿದವನ ರಕ್ತಮಾಂಸಗಳಲ್ಲಿ ಸಾರಜನಕವು ಹೆಚ್ಚಾಗಿ ಕರಗಿರುತ್ತದೆ. ಮೆಲ್ಲಗೆ ಮೇಲೇರಿದರೆ ಅದು ಉಸಿರಿನೊಡನೆ ಹೊರಬೀಳುತ್ತದೆ. ಒತ್ತಡವು ಒಮ್ಮೆಲೇ ತಗ್ಗಿದರೆ ಒಳಗೇ ಗುಳ್ಳೆಯಾಗಿ ಕೀಲುನೋವು, ಮರಗಟ್ಟುವಿಕೆ, ಕೆಲವೊಮ್ಮೆ ಪಾರ್ಶ್ವವಾಯುವನ್ನೂ ತರಬಲ್ಲದು. ಹಾಲ್ಡೇನ್ ಎಂಬ ವಿದ್ವಾಂಸನು 1908ರಲ್ಲಿ ಹಂತಹಂತವಾಗಿ ಮೇಲೇರುವ ಕ್ರಮವನ್ನು ವಿಧಿಸಿದ್ದು ಈ ಕಾರಣದಿಂದ.

ದಡ ಸೇರಿದ ಮೇಲೆಯೂ ಈ ಅನಿಲವು ಪೂರ್ಣವಾಗಿ ಹೊರಹೋಗಲು ಹಲವು ಗಂಟೆಗಳು ಬೇಕು. ಅಷ್ಟರೊಳಗೆ ವಿಮಾನವೇರಬಾರದೆಂಬುದನ್ನು ಅನೇಕರು ಬಲ್ಲರು. ಘಟ್ಟವನ್ನು ಏರುವುದೂ ಅದೇ ಜಾತಿಯ ಕಾರ್ಯವೆಂಬುದನ್ನು ಬಲ್ಲವರು ಕಡಿಮೆ. 300 ಮೀಟರಿಗಿಂತ ಮೇಲಿನ ನೆಲವನ್ನು ಮುಳುಗುಶಾಸ್ತ್ರವು ಎತ್ತರದ ಪ್ರದೇಶವೆಂದು ಎಣಿಸುತ್ತದೆ. ಶಿವಮೊಗ್ಗ, ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಎಲ್ಲವೂ ಸಮುದ್ರಮಟ್ಟಕ್ಕಿಂತ 600 ಮೀಟರಿನ ಆಸುಪಾಸಿನಲ್ಲಿವೆ. ಅಲ್ಲಿಯ ಗಾಳಿಯ ಒತ್ತಡ ಕಡಲ ತಡಿಗಿಂತ ಶೇಕಡಾ 7ರಷ್ಟು ಕಡಿಮೆ. ಶನಿವಾರ ರಾತ್ರಿ ಹೊರಟು, ಭಾನುವಾರ ಬೆಳಗ್ಗೆ ಮುಳುಗಿ, ಅಂದೇ ಗೇರುಸೊಪ್ಪೆಯ ಘಟ್ಟವೇರಿ, ಸೋಮವಾರ ಕೆಲಸಕ್ಕೆ ಹಾಜರಾಗುವ ಯೋಜನೆಯು ಹಣವನ್ನು ಉಳಿಸಬಹುದು, ಶರೀರವನ್ನು ಗಣಿಸದು. ಕಡಿಮೆ ಆಳದ ಒಂದೇ ಮುಳುಗಿಗೆ ಅಪಾಯವು ಅಲ್ಪವೆಂಬುದು ನಿಜ. ಆದರೆ ನಿದ್ರೆಗೆಟ್ಟು, ದೋಣಿಯಲ್ಲಿ ವಾಂತಿಮಾಡಿಕೊಂಡು, ನೀರು ಕುಡಿಯದೆ ಬಳಲಿದ ದೇಹದಲ್ಲಿ ಆ ಅಲ್ಪವೂ ಬೆಳೆಯುತ್ತದೆ.

ವಿಮಾನಯಾನಕ್ಕೆ ತಜ್ಞರು ಹೇಳುವ ಕನಿಷ್ಠ ಅವಧಿ ಒಂದು ಮುಳುಗಿಗೆ 12 ಗಂಟೆ, ಹಲವು ಮುಳುಗಿಗೆ 18 ಗಂಟೆ. ಘಟ್ಟಕ್ಕೂ ಇದನ್ನೇ ಪಾಲಿಸಿದರೆ ಲೆಕ್ಕ ಸುಲಭ. ಬೆಳಗಿನ 11 ಗಂಟೆಗೆ ನೀರಿನಿಂದ ಮೇಲೆ ಬಂದವನಿಗೆ 18 ಗಂಟೆ ತುಂಬುವುದು ಮರುದಿನ ಬೆಳಗಿನ 5 ಗಂಟೆಗೆ. ಆದಕಾರಣ ಯಾತ್ರೆಗೆ ಮೂರು ದಿನ ಬೇಕು. ಮೊದಲ ದಿನ ಹಗಲಿನಲ್ಲಿ ಶಿವಮೊಗ್ಗ, ಸಾಗರಗಳ ಮಾರ್ಗವಾಗಿ ಹೊನ್ನಾವರಕ್ಕೆ ಇಳಿದು, ಮುರುಡೇಶ್ವರವನ್ನು ಸೇರಿ ನಿದ್ರಿಸುವುದು. ಎರಡನೆಯ ದಿನ ಬೆಳಗ್ಗೆ ನೇತ್ರಾಣಿ. ಮಧ್ಯಾಹ್ನದಿಂದ ತಡಿಯಲ್ಲೇ ವಿಶ್ರಾಂತಿ, ದೇವಾಲಯ ದರ್ಶನ. ಜೋಗವನ್ನು ಕಾಣುವ ಆಸೆಯಿದ್ದವರು ಹೋಗುವಾಗಲೇ ಕಾಣಲಿ. ಅದೂ ಘಟ್ಟದ ಮೇಲಿನದೇ. ಮೂರನೆಯ ದಿನ ಹಿಂದಿರುಗುವುದು. ವಿದೇಶಕ್ಕೆ ಮರಳುವವರು ಕಡಲನ್ನು ರಜೆಯ ಕೊನೆಗೆ ಇಡದೆ ಮೊದಲಿಗೇ ಇಡಲಿ. ಊರು ಸೇರಿದ ಮೇಲೆ ಕೀಲುನೋವು, ಜೋಮು, ತಲೆಸುತ್ತು ತೋರಿದರೆ ಆಯಾಸವೆಂದು ಮಲಗದೆ ಕೂಡಲೇ ಆಸ್ಪತ್ರೆಗೆ ಹೋಗಿ, ಸಮುದ್ರದಲ್ಲಿ ಮುಳುಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಆಮ್ಲಜನಕವೇ ಪ್ರಥಮ ಚಿಕಿತ್ಸೆ.

ಪ್ರವಾಸಗಳನ್ನು ಏರ್ಪಡಿಸುವ ಅಧ್ಯಾಪಕರೂ, ಅದಕ್ಕೆ ದ್ರವ್ಯವನ್ನೊದಗಿಸುವ ಮಹನೀಯರೂ ಈ ಒಂದು ರಾತ್ರಿಯ ಬಿಡದಿಯ ವೆಚ್ಚವನ್ನು ದುಂದೆಂದು ತಿಳಿಯಬಾರದು. ದೋಣಿ, ಶಿಕ್ಷಕ, ಉಪಕರಣಗಳಿಗೆ ಕೊಡುವ ಹಣವು ಮಕ್ಕಳನ್ನು ಕಡಲಾಳಕ್ಕೆ ಇಳಿಸುತ್ತದೆ. ತಡಿಯಲ್ಲಿ ಕಳೆಯುವ ಆ ರಾತ್ರಿಯು ಅವರನ್ನು ಸುರಕ್ಷಿತವಾಗಿ ಘಟ್ಟದ ಮೇಲಕ್ಕೆ ತರುತ್ತದೆ.