ಹಾಡು ಎಲ್ಲರದು, ಧ್ವನಿಮುದ್ರಿಕೆ ಯಾರದು?

ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯ ಅಡಿಕೆ ವ್ಯಾಪಾರಿಯೊಬ್ಬರು ಹೊರ ಊರಿನ ಖರೀದಿದಾರರಿಗೆ ತೋರಿಸಲೆಂದು ಐದು ನಿಮಿಷದ ವಿಡಿಯೊ ಮಾಡಿಸುತ್ತಿದ್ದಾರೆ ಎಂದಿಟ್ಟುಕೊಳ್ಳಿ. ತೋಟ, ಗೊನೆ ಇಳಿಸುವವರು, ಸುಲಿಯುವ ಹೆಂಗಸರು, ಬೇಯುವ ಹಂಡೆ, ಕಣದಲ್ಲಿ ಹರಡಿದ ಕೆಂಪು ರಾಶಿ ಎಲ್ಲವೂ ಚೆನ್ನಾಗಿ ಬಂದಿವೆ. ಕೊನೆಗೆ ಸ್ಟುಡಿಯೊ ಹುಡುಗ ಕೇಳುತ್ತಾನೆ: ‘ಅಣ್ಣಾ, ಹಿಂದೆ ಯಾವ ಮ್ಯೂಸಿಕ್ ಹಾಕಲಿ?’ ‘ಬಂಗಾರದ ಮನುಷ್ಯ ಪಿಕ್ಚರಿಂದು ಹಾಕಪ್ಪ. ಅದು ರೈತರ ಹಾಡಲ್ವಾ?’ ಎಂಬ ಉತ್ತರ ಸಹಜವಾಗಿಯೇ ಬರುತ್ತದೆ. ಅಲ್ಲಿಗೆ ವಿಡಿಯೊ ಮುಗಿಯಿತು, ತೊಡಕು ಶುರುವಾಯಿತು.

ಇದೇನು ದೊಡ್ಡ ವಿಷಯ ಎನ್ನುವವರು 2022ರ ನವೆಂಬರ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ಭಾರತ ಜೋಡೊ ಯಾತ್ರೆಯ ಪ್ರಚಾರದ ವಿಡಿಯೊಗಳಲ್ಲಿ ‘ಕೆಜಿಎಫ್ ಚಾಪ್ಟರ್ 2’ ಚಿತ್ರದ ಸಂಗೀತವನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ ದೂರಿತು. ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯುವಂತೆ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಆದೇಶಿಸಿತು. ಮರುದಿನವೇ ಹೈಕೋರ್ಟ್ ಆ ಆದೇಶವನ್ನು ಬದಿಗಿರಿಸಿತಾದರೂ ಆ ತುಣುಕುಗಳನ್ನು ತೆಗೆದುಹಾಕಬೇಕೆಂಬ ಷರತ್ತು ಹಾಕಿತು. ವಿವಾದಕ್ಕೆ ಕಾರಣವಾದ ಸಂಗೀತ ಒಂದು ನಿಮಿಷವೂ ಇರಲಿಲ್ಲ. ರಾಷ್ಟ್ರೀಯ ಪಕ್ಷವೊಂದಕ್ಕೇ ಹೀಗಾದರೆ ಅಡಿಕೆ ಮಂಡಿಯ ಮಾತೇನು?

ಹಾಡಿಗೆ ಅನುಮತಿ ಎಂದರೆ ನಮಗೆ ವಿಚಿತ್ರವೆನಿಸುವುದು ತಪ್ಪಲ್ಲ. ನಮ್ಮ ಪರಂಪರೆಯಲ್ಲಿ ಹಾಡು ಕೆರೆಯ ನೀರಿನಂತೆ ಊರಿಗೆಲ್ಲ ಸೇರಿದ್ದು. ಆದರೆ ಹಾಡಿದವರ ಹೆಸರನ್ನು ನಾವು ಅಳಿಸಿದವರಲ್ಲ. ವಚನಕಾರರೂ ದಾಸರೂ ಕೊನೆಯಲ್ಲಿ ಅಂಕಿತ ಇಟ್ಟರು. ಪುರಂದರ ವಿಠಲ ಎಂಬ ಅಂಕಿತ ಬಿಟ್ಟು ಪುರಂದರದಾಸರ ಪದ ಹಾಡಿದರೆ ಇಂದಿಗೂ ಹಿರಿಯರು ಒಪ್ಪುವುದಿಲ್ಲ. ಬೆಲೆ ಕೇಳದಿದ್ದರೂ ಹೆಸರು ಉಳಿಯಬೇಕು ಎಂಬುದು ಆ ಕಾಲದ ನ್ಯಾಯ.

ಗ್ರಾಮಫೋನು ಬಂದ ಮೇಲೆ ಹಾಡು ಕೊಳ್ಳುವ, ಮಾರುವ ವಸ್ತುವಾಯಿತು. 1902ರಲ್ಲಿ ಕೋಲ್ಕತ್ತದಲ್ಲಿ ಗೌಹರ್ ಜಾನ್ ಅವರ ಹಾಡುಗಳು ಧ್ವನಿಮುದ್ರಣಗೊಂಡವು. ಪ್ರತಿ ಹಾಡಿನ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದರು. ಅದೂ ಒಂದು ಬಗೆಯ ಅಂಕಿತವೇ. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದ ಆಕೆ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ರಾಜಾಶ್ರಯವಿಲ್ಲದ ಇಂದಿನ ಕಲಾವಿದರಿಗೆ ಪರವಾನಗಿಯ ಹಣವೇ ಆಶ್ರಯ.

ಈಗ ಕಾನೂನಿನ ಕಡೆ ನೋಡೋಣ. ಸಿನಿಮಾ ಹಾಡೊಂದರಲ್ಲಿ ಮೂರು ಹಕ್ಕುಗಳು ಅಡಗಿವೆ: ಸಾಹಿತ್ಯದ್ದು, ರಾಗ ಸಂಯೋಜನೆಯದು, ಧ್ವನಿಮುದ್ರಣದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಮೊದಲೆರಡು ಹಕ್ಕುಗಳು ಕರ್ತೃವಿನ ಜೀವಿತಕಾಲ ಹಾಗೂ ಆ ನಂತರ 60 ವರ್ಷ ಇರುತ್ತವೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ಮೊದಲು ಇದು 50 ವರ್ಷವಿತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ, 1992ರ ತಿದ್ದುಪಡಿಯಲ್ಲಿ ಹತ್ತು ವರ್ಷ ಹೆಚ್ಚಿಸಲಾಯಿತು. ‘ಬಂಗಾರದ ಮನುಷ್ಯ’ ತೆರೆಕಂಡದ್ದು 1972ರಲ್ಲಿ. ಅದರ ಧ್ವನಿಮುದ್ರಣದ ಹಕ್ಕು 2032ರ ಕೊನೆಯವರೆಗೆ ಇದೆ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ನಿಧನರಾದದ್ದು 1993ರಲ್ಲಿ; ರಾಗ ಸಂಯೋಜನೆಯ ಹಕ್ಕು 2053ರವರೆಗೆ.

ಹಾಗಾದರೆ ದಾಸರ ಪದ? ಸಾಹಿತ್ಯಕ್ಕೆ ಯಾರೂ ಒಡೆಯರಿಲ್ಲ. ಆದರೆ ಕಳೆದ ವರ್ಷ ಗಾಯಕರೊಬ್ಬರು ಅದನ್ನು ಹಾಡಿ ಮುದ್ರಿಸಿದ್ದರೆ ಆ ಮುದ್ರಿಕೆಗೆ ಒಡೆಯರಿದ್ದಾರೆ. ಬಹಳ ಮಂದಿ ಎಡವುವುದು ಇಲ್ಲಿಯೇ. ‘ಮದುವೆಯಲ್ಲಿ ಹಾಕ್ತೀವಲ್ಲ, ಯಾರು ಕೇಳಿದ್ರು?’ ಎನ್ನುವುದು ಇನ್ನೊಂದು ವಾದ. ಮದುವೆಗೆ, ಪೂಜೆ ಪುನಸ್ಕಾರಗಳಿಗೆ ಕಾನೂನೇ ವಿನಾಯಿತಿ ಕೊಟ್ಟಿದೆ. ವ್ಯಾಪಾರದ ವಿಡಿಯೊಗೆ ಆ ವಿನಾಯಿತಿ ಇಲ್ಲ. ಹಕ್ಕನ್ನು ತಿಳಿದೂ ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ.

ಹಾಗೆಂದು ವಿಡಿಯೊ ಮೂಕವಾಗಿರಬೇಕಿಲ್ಲ, ದಾರಿಗಳು ಮೂರಿವೆ. ಮೊದಲನೆಯದು, ಸಿನಿಮಾ ಹಾಡೇ ಬೇಕೆಂದರೆ ಹಕ್ಕುದಾರ ಸಂಸ್ಥೆಯಿಂದ ಲಿಖಿತ ಅನುಮತಿ ಪಡೆಯುವುದು. ಮುದ್ರಿಕೆಯ ಒಡೆಯರು ಒಬ್ಬರು, ಸಾಹಿತ್ಯ-ಸಂಗೀತದ ಹಕ್ಕುದಾರರು ಇನ್ನೊಬ್ಬರು ಇರಬಹುದಾದ್ದರಿಂದ ಇಬ್ಬರನ್ನೂ ಕೇಳಬೇಕು. ಇದು ದುಬಾರಿಯ ದಾರಿ.

ಎರಡನೆಯದು ಸಂಗೀತ ಭಂಡಾರಗಳು. ಮೂಕಿ ಚಿತ್ರಗಳ ಕಾಲದಲ್ಲಿ, 1909ರಷ್ಟು ಹಿಂದೆಯೇ, ಲಂಡನ್ನಿನ ಡಿ ವುಲ್ಫ್ ಸಂಸ್ಥೆ ಇಂಥ ಕೆಲಸ ಆರಂಭಿಸಿತ್ತು. ಇಂದು ಇಂಟರ್ನೆಟ್ಟಿನಲ್ಲಿ ಇಂಥವು ಹಲವಾರಿವೆ. ಇಲ್ಲಿ ‘ರಾಯಲ್ಟಿ ಫ್ರೀ’ ಎಂಬ ಮಾತು ಮೋಸಗೊಳಿಸುತ್ತದೆ. ಪುಕ್ಕಟೆ ಎಂದು ಅದರ ಅರ್ಥವಲ್ಲ. ಒಮ್ಮೆ ಹಣ ಕೊಟ್ಟರೆ ಪ್ರತಿ ಬಳಕೆಗೂ ಮತ್ತೆ ಕೊಡಬೇಕಿಲ್ಲ ಎಂದಷ್ಟೇ. ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಯಲ್ಲಿ ಉಚಿತ ಸಂಗೀತವೂ ಸಿಗುತ್ತದೆ. ಆದರೆ ವಾಣಿಜ್ಯ ಬಳಕೆ ಕೂಡದೆಂಬ ಷರತ್ತು ಇದೆಯೇ, ಕರ್ತೃವಿನ ಹೆಸರು ಹಾಕಬೇಕೇ ಎಂದು ಓದಿ ನೋಡಬೇಕು. ಪರವಾನಗಿ ಪತ್ರವನ್ನು ಖರೀದಿ ಬಿಲ್ಲಿನಂತೆ ಜೋಪಾನವಾಗಿಡಬೇಕು. ಯೂಟ್ಯೂಬಿನ ಯಂತ್ರವು ರಾಗವನ್ನು ಗುರುತು ಹಿಡಿದು ತಕರಾರು ಎತ್ತಿದಾಗ ನೆರವಿಗೆ ಬರುವುದು ಆ ಕಾಗದವೇ.

ಮೂರನೆಯದು ಹತ್ತಿರದ ದಾರಿ. ನಮ್ಮ ಸೀಮೆಯಲ್ಲಿ ಡೊಳ್ಳಿನವರಿದ್ದಾರೆ, ವೀರಗಾಸೆಯವರಿದ್ದಾರೆ, ಸೋಬಾನೆ ಹಾಡುವ ಅಜ್ಜಿಯರಿದ್ದಾರೆ. ಜನಪದ ಧಾಟಿಗೆ ಒಡೆಯರಿಲ್ಲ. ನುಡಿಸಿದವರಿಗೆ ಮಾತ್ರ ಕಾನೂನಿನಲ್ಲೇ ಕಲಾವಿದರ ಹಕ್ಕು ಇದೆ. ಅವರನ್ನು ಕರೆಸಿ, ನ್ಯಾಯವಾದ ಸಂಭಾವನೆ ಕೊಟ್ಟು, ಎಲ್ಲೆಲ್ಲಿ ಬಳಸುತ್ತೇವೆಂದು ಕಾಗದದಲ್ಲಿ ಬರೆದು ಸಹಿ ಪಡೆದರೆ ಇಬ್ಬರಿಗೂ ಲಾಭ. ಕಣದ ಅಡಿಕೆಯ ಹಿಂದೆ ದೂರದಿಂದ ಕೇಳುವ ಡೊಳ್ಳು, ಯಾವ ಊರಿನ ಮಾಲು ಎಂಬುದನ್ನೂ ಹೇಳುತ್ತದೆ.

ಯಾವ ದಾರಿ ಹಿಡಿದರೂ ಒಂದು ಮಾತು ನೆನಪಿರಲಿ. ನಿರೂಪಣೆ ಇರುವ ಕಡೆ ಹಿನ್ನೆಲೆಯಲ್ಲಿ ಹಾಡಿನ ಮಾತು ಬಂದರೆ ಎರಡೂ ಕೆಡುತ್ತವೆ. ಬರೀ ವಾದ್ಯ, ತಗ್ಗಿದ ದನಿ ಸಾಕು. 1930ರ ದಶಕದಲ್ಲಿ ವಾಲ್ಟರ್ ಕೌಫ್‌ಮನ್ ರಚಿಸಿದ ಆಕಾಶವಾಣಿಯ ಆರಂಭದ ನಾದದಲ್ಲಿ ಒಂದು ಶಬ್ದವೂ ಇಲ್ಲ. ಆದರೂ ಅದನ್ನು ಕೇಳಿ ಎದ್ದವರು ಇನ್ನೂ ಮರೆತಿಲ್ಲ.

ತನ್ನ ರಾಶಿಯಿಂದ ಒಂದು ಹಿಡಿ ಅಡಿಕೆಯನ್ನು ಹೇಳದೆ ಒಯ್ದರೆ ವ್ಯಾಪಾರಿ ಸುಮ್ಮನಿರುವುದಿಲ್ಲ. ಹಾಡು ಕಟ್ಟಿದವರ ರಾಶಿಯೂ ಹಾಗೆಯೇ. ‘ಯಾವ ಮ್ಯೂಸಿಕ್ ಹಾಕಲಿ?’ ಎಂದು ಹುಡುಗ ಕೇಳಿದಾಗ, ‘ಅದು ಯಾರದಪ್ಪಾ?’ ಎಂದು ತಿರುಗಿ ಕೇಳುವುದರಿಂದ ಆಯ್ಕೆ ಶುರುವಾಗಬೇಕು.